ಸೋಷಿಯಾಲಜಿ ಓದಿದ ನಾದಿನಿ

ಸೋಷಿಯಾಲಜಿ ಅನ್ನುವ ಮಾತನ್ನು ನಮ್ಮ ಮನೆಗೆ ತಂದವಳು ನನ್ನ ನಾದಿನಿ ಜಗದಾಂಬಾ. ಡಾಕ್ಟರಿಕೆಗೋ ಟೀಚರ್ ಕೆಲಸಕ್ಕೋ ಓದಿದ್ದರೆ ನಾನು ಯಾಕೆ ಬಾಯಿ ಬಿಡುತ್ತಿದ್ದೆ? ಎಸ್.ಎಸ್.ಎಲ್.ಸಿ. ಪಾಸಾದ ಮೇಲೆ, ಆಗಷ್ಟೇ ಹೊಸದಾಗಿ ಬಂದಿದ್ದ ಪಿ.ಯು.ಸಿ.ಗೆ ಅಂತ ಪೇಟೆಯ ಹೆಣ್ಣುಮಕ್ಕಳ ಕಾಲೇಜು ಸೇರಿದಳು. ಹಿಸ್ಟರಿ, ಎಕನಾಮಿಕ್ಸು, ಜೊತೆಗೆ ಇದೊಂದು.

"ಹಂಗಂದ್ರೆ ಏನೇ?" ಅಂತ ಕೇಳಿದೆ.

"ಜನ ಒಟ್ಟಿಗೆ ಹೆಂಗೆ ಬದುಕ್ತಾರೆ ಅನ್ನೋ ಶಾಸ್ತ್ರ ಅತ್ತಿಗೆ."

"ಅದಕ್ಕೆ ಬಸ್ ಹತ್ತಿ ಹೋಗ್ಬೇಕೇನೇ? ಬಾವಿಕಟ್ಟೆ ಹತ್ರ ಒಂದು ಬೆಳಗ್ಗೆ ನಿಂತ್ಕೋ. ಎಲ್ಲಾ ಗೊತ್ತಾಗುತ್ತೆ."

ನಕ್ಕಳು. ಆಗೆಲ್ಲ ತುಂಬಾ ನಗುತ್ತಿದ್ದ ಹುಡುಗಿ ಅವಳು.

ಐವತ್ತೆಂಟನೇ ಇಸವಿಯ ಮಾತು. ನಮ್ಮದು ಹೊಂಗೆಪಾಳ್ಯ, ಮಾಗಡಿ ರಸ್ತೆಗೂ ರಾಜಾಜಿನಗರದ ಹೊಸ ಲೇಔಟಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಹಿಡಿ ಊರು. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟಾಗಿ ಹೋಗಿದ್ದವು. ಆಚೆ ಕಡೆ ಸಾಲು ಮನೆ, ಕರೆಂಟ್ ಕಂಬ, ಫ್ಯಾಕ್ಟರಿಯ ಸೈರನ್ನು. ಈಚೆ ಕಡೆ ನಾವು, ನಮ್ಮ ಮಾರಮ್ಮ, ನಮ್ಮ ಊರ ಯಜಮಾನ ವೆಂಕಟರಮಣಪ್ಪ. ಎತ್ತು ಮಾರಿದ ಮೇಲೆ ನನ್ನ ಗಂಡ ಬೈರಪ್ಪ ಆ ಸೈರನ್ನಿಗೆ ಓಡುವ ಆಳಾದರು. ಮಾವ ಹನುಮಂತಯ್ಯ ಮಾತ್ರ ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ಉಳಲು ಹೊಲವಿಲ್ಲದ ರೈತ ಇನ್ನೆಲ್ಲಿಗೆ ಹೋಗಬೇಕು ಪಾಪ.

ಆಗ ನಾನು ತುಂಬಿದ ಬಸುರಿ. ನನ್ನ ತಾಯಿ ಇಲ್ಲ, ಅತ್ತೆಯೂ ಇಲ್ಲ. ಚೊಚ್ಚಲು. ಆಸ್ಪತ್ರೆ ಅಂದರೆ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ನನ್ನ ಅಕ್ಕ ಹೆರಿಗೆಗೆ ಅಂತ ಅಲ್ಲಿಗೆ ಹೋದವಳು ವಾಪಸು ಬರಲಿಲ್ಲ. ಹಾಗಾಗಿ ನನ್ನ ಧೈರ್ಯವೆಲ್ಲ ಪಕ್ಕದ ಓಣಿಯ ಸೂಲಗಿತ್ತಿ ಅಕ್ಕಯ್ಯಮ್ಮನ ಕೈಮೇಲೆ. ನನ್ನ ಗಂಡನನ್ನೂ ಜಗದಾಂಬಾಳನ್ನೂ ಈ ಲೋಕಕ್ಕೆ ಎಳೆದವಳು ಅವಳೇ. ದಿನಾ ಬಂದು ಹೊಟ್ಟೆ ಮುಟ್ಟಿ, "ಗಂಡೋ ಹೆಣ್ಣೋ, ಸರಿಯಾಗಿ ಮಲಗೈತೆ ಬಿಡವ್ವ" ಅಂತ ಹೇಳಿ ಹೋಗುತ್ತಿದ್ದಳು. ಆ ಮಾತು ಕೇಳಿದ ದಿನ ನನಗೆ ನಿದ್ದೆ ಬರುತ್ತಿತ್ತು.

ಇಷ್ಟೇ ನಮ್ಮ ಬದುಕು. ಇದರ ಮಧ್ಯೆ ಪುರುಷೋತ್ತಮ ಅನ್ನುವ ಅವಳ ಸೋಷಿಯಾಲಜಿ ಲೆಕ್ಚರರ್ ಒಂದು ದಿನ ಪಾಠ ಮಾಡಿದರಂತೆ. ಹಿಂದಿನ ಕಾಲದಲ್ಲಿ ಹಳ್ಳಿಗಳಲ್ಲಿ ಕಟ್ಟಳೆ ಮೀರಿದವರನ್ನು ಊರೇ ಸೇರಿ ಹೊರಗಿಡುತ್ತಿತ್ತು, ಅವರ ಜೊತೆ ಮಾತಿಲ್ಲ, ನೀರಿಲ್ಲ, ಬೆಂಕಿ ಇಲ್ಲ, ಈಗ ಅದೆಲ್ಲ ಮಾಯವಾಗುತ್ತಿದೆ ಅಂತ. ನಮ್ಮ ಮಹಾರಾಯಿತಿ ಎದ್ದು ನಿಂತು, "ಇಲ್ಲ ಸಾರ್, ನಮ್ಮೂರಲ್ಲಿ ಈಗ್ಲೂ ಇದೆ" ಅಂದಳಂತೆ. ಕ್ಲಾಸೆಲ್ಲ ತಿರುಗಿ ನೋಡಿತಂತೆ. ಆ ಮನುಷ್ಯನಿಗೆ ಹಬ್ಬ! "ವೆರಿ ಗುಡ್. ಆ ಮನೆಯವರನ್ನ ನೀನೇ ಮಾತಾಡಿಸಿಕೊಂಡು ಬಾ. ಪುಸ್ತಕದಲ್ಲಿ ಇಲ್ಲದ್ದು ನಿನಗೆ ಸಿಗುತ್ತೆ" ಅಂದರಂತೆ. ಸಿಕ್ಕಿತು. ಚೆನ್ನಾಗಿ ಸಿಕ್ಕಿತು.

ಹೊರಗಿಟ್ಟಿದ್ದು ಉಗ್ರಪ್ಪನ ಮನೆಯನ್ನು. ಲೇಔಟಿಗೆ ಅಂತ ಅಳತೆಯವರು ಬಂದಾಗ, ಯಾರೂ ಹೊಲದ ಗಡಿಕಲ್ಲು ತೋರಿಸಬಾರದು ಅಂತ ಊರು ಮಾರಮ್ಮನ ಮುಂದೆ ಆಣೆ ಮಾಡಿತ್ತು. ಉಗ್ರಪ್ಪ ತೋರಿಸಿದ. ಅದಾಗಿ ವರ್ಷ ತಿರುಗುವುದರಲ್ಲಿ ಎಲ್ಲರ ಹೊಲವೂ ಹೋಯಿತು, ಎಲ್ಲರೂ ಪರಿಹಾರಕ್ಕೆ ಕೈ ಚಾಚಿದರು, ಯಜಮಾನ ವೆಂಕಟರಮಣಪ್ಪನಿಗೆ ಮುಖ್ಯ ರಸ್ತೆಯಲ್ಲೇ ಸೈಟು ಸಿಕ್ಕಿತು. ಆದರೂ ಉಗ್ರಪ್ಪ ಹೊರಗೇ. ಯಾಕೆ ಅಂತೀರಾ? ಹೊಲ ಹೋಯಿತು, ಕೆರೆ ಹೋಯಿತು, ಯಜಮಾನನಿಗೆ ಯಜಮಾನಿಕೆ ಮಾಡಲು ಉಳಿದಿದ್ದು ಇದೊಂದೇ. ಅದನ್ನೂ ಬಿಟ್ಟರೆ ಅವನನ್ನು ಯಾರು ಕೇಳಬೇಕು?

ಹೊರಗಿಟ್ಟವರ ಮನೆಯಲ್ಲಿ ಬಾಯಿಗೆ ಏನು ಹಾಕಿಕೊಂಡರೂ, ಹಾಕಿಕೊಂಡವರ ಮನೆಯೂ ಹೊರಗೆ. ಇದು ಊರಿನ ಕೂಸಿಗೂ ಗೊತ್ತು. ಜಗದಾಂಬಾಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದನ್ನೇ ತಾನೆ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ್ದು. ಆದರೆ ಓದುವ ವಿಷಯವಾದ ಮೇಲೆ ಅದು ತನ್ನನ್ನು ಮುಟ್ಟುವುದಿಲ್ಲ ಅಂದುಕೊಂಡಳೋ ಏನೋ. ಹಾಡುಹಗಲಲ್ಲಿ ಹೋಗಿ ಉಗ್ರಪ್ಪನ ಜಗಲಿ ಮೇಲೆ ಕೂತಳು. ಅವನ ಹೆಂಡತಿ ವೆಂಕಟಲಕ್ಷ್ಮಮ್ಮ ಒಳಗಿಂದ ಬೆಲ್ಲದ ಚೂರು, ನೀರು ತಂದಿಟ್ಟಳಂತೆ.

"ಆಯಮ್ಮ ಲೋಟನ ಎರಡೆರಡು ಸಲ ತೊಳ್ಕೊಂಡು ತಂದ್ಲು ಅತ್ತಿಗೆ. ಅವರ ಮನೆಗೆ ಒಬ್ಬರು ಬಂದು ಎಷ್ಟು ವರ್ಷ ಆಗಿತ್ತೋ. ಬೇಡ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ."

"ತಿಂದೆಯಾ?"

"ತಿಂದೆ."

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ವೆಂಕಟಲಕ್ಷ್ಮಮ್ಮನಿಗೆ ಹೆರಿಗೆ ನೋವು ಬಂದಾಗ ಉಗ್ರಪ್ಪ ಮನೆಮನೆ ಬಾಗಿಲು ಬಡಿದನಂತೆ, ಯಾರೂ ಬರಲಿಲ್ಲವಂತೆ, ಅವಳೇ ಹೆತ್ತುಕೊಂಡಳಂತೆ, ಮಗು ಉಳಿಯಲಿಲ್ಲವಂತೆ. ಇದನ್ನೆಲ್ಲ ನನ್ನ ಮುಂದೆ, ನನ್ನ ಈ ಹೊಟ್ಟೆಯ ಮುಂದೆ ಹೇಳಿದಳು. ಆಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ಮಾರನೆ ದಿನ ಅಕ್ಕಯ್ಯಮ್ಮ ಬರಲಿಲ್ಲ.

ನಮ್ಮೂರಲ್ಲಿ ಹೊರಗಿಡುವುದಕ್ಕೆ ತಮಟೆ ಬಡಿಯುವುದಿಲ್ಲ. ಯಾರೂ ಬಂದು ಬೈಯುವುದಿಲ್ಲ. ಬೈದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ! ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ತಮ್ಮ ಬಿಂದಿಗೆ ಪಕ್ಕಕ್ಕೆ ಸರಿಸಿಕೊಂಡರು. ನನಗೆ ದಾರಿ ಬಿಡುತ್ತಿದ್ದಾರೆ, ಬಸುರಿ ಅಂತ ಮರ್ಯಾದೆ ಅಂದುಕೊಂಡೆ ಮೊದಲು. "ಏನ್ರೇ, ಎಲ್ರಿಗೂ ಬಾಯಿ ಬಿದ್ದೋಗಿದೆಯಾ?" ಅಂದೆ. ಒಬ್ಬಳೂ ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ ಇದ್ದ ಹುಣಸೆ ಮರ ನೋಡಿದರು. ಆಮೇಲೆ ಅಗಸರವನು ನಮ್ಮ ಬಾಗಿಲು ದಾಟಿ ಹೋದ. ಬೆಳಗ್ಗೆ ಬೆಂಕಿ ಕೇಳಿಕೊಂಡು ಬರುತ್ತಿದ್ದ ಎದುರುಮನೆಯವಳು ಓಣಿಯ ಆ ಕೊನೆಯವರೆಗೆ ನಡೆದು ಕೆಂಡ ತಂದಳು. ಅಂಗಳ ದಾಟಿ ನಮ್ಮ ಕೋಳಿ ಆಚೆ ಮನೆಗೆ ಹೋದರೆ ಅದನ್ನೂ ಹುಶ್ ಅನ್ನುವವರಿಲ್ಲ. ಊರು ಊರಾಗೇ ಇತ್ತು, ನಮ್ಮ ಮನೆ ಇದ್ದ ಜಾಗ ಮಾತ್ರ ಅವರ ಕಣ್ಣಿಗೆ ಬಯಲು.

ನಾನು ಅಕ್ಕಯ್ಯಮ್ಮನ ಮನೆಗೇ ಹೋದೆ. ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. "ಅಕ್ಕಯ್ಯಮ್ಮ, ನಿನ್ನೆಯಿಂದ ಸೊಂಟ ಹಿಡಿದಂಗಿದೆ ಕಣೆ" ಅಂದೆ. ಅವಳ ಕೈ ನಿಂತಿತು. ಕಣ್ಣು ನನ್ನ ಹೊಟ್ಟೆ ಮೇಲೆ ಒಂದು ಗಳಿಗೆ ಬಂತು. ಆಮೇಲೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ನಾನು ಅಲ್ಲೇ ನಿಂತು ಅತ್ತೆ. ಸಿಟ್ಟಿಗೋ ಹೆದರಿಕೆಗೋ, ಎರಡೂ ಇತ್ತು.

ಮಾವ ಊಟ ಬಿಟ್ಟರು. "ನಾಳೆ ನಾನು ಸತ್ರೆ ಹೆಣ ಹೊರೋರು ಯಾರು?" ಇದೊಂದೇ ಮಾತು. ನನ್ನ ಹೊಟ್ಟೆಯಲ್ಲಿ ಇನ್ನೂ ಹುಟ್ಟದಿರುವ ಜೀವದ ಚಿಂತೆ ನನಗಾದರೆ, ಅವರಿಗೆ ಇನ್ನೂ ಸಾಯದಿರುವ ತಮ್ಮ ಹೆಣದ ಚಿಂತೆ. ಏನು ಹೇಳಲಿ?

ಜಗದಾಂಬಾ ಕಾಲೇಜಿನಿಂದ ಬಂದು, ಲೆಕ್ಚರರಿಗೆ ವಿಷಯ ಹೇಳಿದೆ ಅಂದಳು. ನನಗೂ ಒಂದು ಆಸೆ, ಓದಿದವರು, ಪೊಲೀಸಿಗೋ ಯಾರಿಗೋ ಹೇಳಿಯಾರು ಅಂತ.

"ಏನಂದ್ರು ಅವ್ರು?"

"ಇಂಟರೆಸ್ಟಿಂಗ್ ಅಂದ್ರು. ಮುಂದೆ ಏನಾಗುತ್ತೆ ನೋಡಿ ಹೇಳು ಅಂದ್ರು."

ಇಂಟರೆಸ್ಟಿಂಗ್ ಅಂತೆ! ಆ ಗಳಿಗೆಯಲ್ಲಿ ಆ ಮನುಷ್ಯ ನನ್ನ ಎದುರಿಗಿದ್ದಿದ್ದರೆ ಸೌಟಿನಲ್ಲಿ ಬಾರಿಸುತ್ತಿದ್ದೆ. ಸಿಕ್ಕಿದವಳು ಇವಳು. "ನಿನ್ನ ಪಾಠಕ್ಕೆ ನನ್ನ ಹೊಟ್ಟೆನೇ ಬೇಕಾಗಿತ್ತೇನೇ?" ಅಂತ ಕೂಗಿದೆ. ಅವಳು ಗೋಡೆಗೆ ಒರಗಿ ಕೂತು ಮಂಡಿಗೆ ಮುಖ ಹುದುಗಿಸಿದಳು. ಹದಿನೇಳರ ಹುಡುಗಿ. ಬೈದ ಮೇಲೆ ನಾನೇ ತಟ್ಟೆ ಹಾಕಿ ಅವಳನ್ನು ಊಟಕ್ಕೆ ಎಬ್ಬಿಸಿದೆ.

ಕೊನೆಗೆ ಮಾವ ಯಜಮಾನನ ಮನೆ ಬಾಗಿಲಲ್ಲಿ ದಿನವಿಡೀ ನಿಂತು ಮಾತು ಗಿಟ್ಟಿಸಿಕೊಂಡು ಬಂದರು. ಬರುವ ಸೋಮವಾರ ಮಾರಮ್ಮನ ಗುಡಿ ಮುಂದೆ ಉಗ್ರಪ್ಪ ನಮಗೆ ಯಾರೂ ಅಲ್ಲ ಅಂತ ಹೇಳಬೇಕು. ಹುಡುಗಿ ಕಾಲೇಜು ಬಿಡಬೇಕು, ಯಜಮಾನನ ಕಾಲಿಗೆ ಬೀಳಬೇಕು. ಜಗದಾಂಬಾ ಮೊದಲು ಆಗುವುದಿಲ್ಲ ಅಂದಳು. ಅವಳ ಅಣ್ಣ, ನನ್ನ ಗಂಡ, ಬುದ್ಧಿ ಹೇಳಿದರೂ ಇಲ್ಲ. ನಾನು ಸುಮ್ಮನೆ ಅವಳ ಕೈ ಎತ್ತಿ ನನ್ನ ಹೊಟ್ಟೆ ಮೇಲೆ ಇಟ್ಟುಕೊಂಡೆ. ಒಳಗೆ ಒದ್ದಿತು. ಅವಳು ಕೈ ತೆಗೆಯದೆ, "ಆಯ್ತು ಅತ್ತಿಗೆ, ಬೀಳ್ತೀನಿ" ಅಂದಳು.

ನೋವು ಭಾನುವಾರ ಬಂತು.

ಬಿಸಿಲು ಏರಿತ್ತು. ಗಂಡ ಜಟಕಾ ತರುತ್ತೇನೆ ಅಂತ ಟೋಲ್‌ಗೇಟಿನ ಕಡೆ ಓಡಿದರು. ಆಸ್ಪತ್ರೆಯಾದರೆ ಆಸ್ಪತ್ರೆ, ಬದುಕಿದರೆ ಸಾಕು ಅನ್ನಿಸಿತ್ತು ನನಗೂ. ಮಾವ ಯಜಮಾನನ ಮನೆಗೆ ಓಡಿದರು. ಅವನು ಎಣ್ಣೆ ಹಚ್ಚಿಕೊಂಡು ಕೂತಿದ್ದನಂತೆ. "ಸ್ನಾನ ಆಗ್ಲಿ ಹನುಮಂತಯ್ಯ, ಬರ್ತೀನಿ" ಅಂದನಂತೆ. ಜಗದಾಂಬಾ ಅಕ್ಕಯ್ಯಮ್ಮನ ಬಾಗಿಲಿಗೆ ಹೋದಳು. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆದು, ಹರಳೆಣ್ಣೆ ಶೀಸೆ ಹಿಡಿದು ಹೊಸಿಲ ಒಳಗೆ ನಿಂತಿದ್ದಳಂತೆ. ನನ್ನ ಕೂಗು ಅವಳಿಗೆ ಕೇಳುತ್ತಿತ್ತು. ಕಣ್ಣಲ್ಲಿ ನೀರಂತೆ. ಜಗದಾಂಬಾ ಕಾಲು ಹಿಡಿದರೂ ಅವಳು ಬಾಯಿ ಬಿಡಲಿಲ್ಲ, ಹೊಸಿಲು ದಾಟಲಿಲ್ಲ.

ಜಗದಾಂಬಾ ಅಲ್ಲಿಂದ ಎದ್ದವಳು ಉಗ್ರಪ್ಪನ ಮನೆಗೆ ಹೋದಳು. ವೆಂಕಟಲಕ್ಷ್ಮಮ್ಮ ಊರ ನಟ್ಟನಡುವೆ, ಎಲ್ಲರ ಬಾಗಿಲ ಮುಂದೆ ಓಡಿಕೊಂಡೇ ಬಂದಳು. ಒಳಗೆ ಬಂದು ನನ್ನ ಪಕ್ಕ ಕೂತಳು. ಅವಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಅವತ್ತು.

"ನಂಗೆ ಈ ಕೆಲ್ಸ ಬರಲ್ಲ ತಾಯಿ. ನನ್ನದನ್ನ ಒಬ್ಬಳೇ ಹೆತ್ತಾಗ ಏನೇನು ತಪ್ಪು ಮಾಡಿದ್ನೋ ಅಷ್ಟು ಮಾತ್ರ ಗೊತ್ತು. ಅದನ್ನ ಮಾಡಲ್ಲ. ಹೆದರ್ಬೇಡ."

ಜಗದಾಂಬಾ ನೀರು ಕಾಯಿಸಿದಳು, ಬ್ಲೇಡು ಕುದಿಸಿದಳು. ನಾನು ಯಾರ್‍ಯಾರನ್ನು ಬೈದೆನೋ ದೇವರಿಗೇ ಗೊತ್ತು. ಮಗು ಜಾರಿ ವೆಂಕಟಲಕ್ಷ್ಮಮ್ಮನ ಕೈಗೆ ಬಿತ್ತು. ಹೆಣ್ಣು. ಅದು ಅಳುವ ತನಕ ಆ ಹೆಂಗಸು ಉಸಿರಾಡಲಿಲ್ಲ. ಅತ್ತಿತು. ಅವಳೂ ಅತ್ತಳು. ಹೊಕ್ಕುಳಬಳ್ಳಿ ಕತ್ತರಿಸಿ ಕಟ್ಟಿ, ಮೊರದಲ್ಲಿ ಹಳೇ ಸೀರೆ ಹಾಸಿ ಮಲಗಿಸಿದಳು. ಅಷ್ಟರಲ್ಲಿ ಹೊರಗೆ ಗಂಡಸರ ಮಾತು ಕೇಳಿಸಿತು. ತಕ್ಷಣ ಎದ್ದಳು. ಮಗುವಿನ ಮೈ ಒರೆಸಲೂ ಹೊತ್ತು ಸಿಗಲಿಲ್ಲ. "ನಾನಿಲ್ಲಿ ಇರ್ಬಾರದು, ನಿಮಗೆ ತೊಂದ್ರೆ" ಅಂತ ಹಿತ್ತಲ ಬಾಗಿಲಿಂದ ಹೊರಟೇಹೋದಳು. ಯಾರೂ ಹೇಳದೆ ಹೋಗುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಯಜಮಾನ ಬಂದಿದ್ದ. ಜೊತೆಗೆ ನಾಲ್ಕು ಮಂದಿ ಹಿರಿಯರು, ಹಿಂದೆ ಅಪ್ಪಣೆಗೆ ಕಾದುಕೊಂಡು ಅಕ್ಕಯ್ಯಮ್ಮ. ಜಗದಾಂಬಾಳನ್ನು ಹೊರಗೆ ಕರೆದರು. ಅವಳು ಅವನ ಕಾಲಿಗೆ ಬಿದ್ದಿದ್ದು, ಕಾಲೇಜು ಬಿಟ್ಟೆ ಅಂದಿದ್ದು, ಉಗ್ರಪ್ಪ ನಮಗೆ ಯಾರೂ ಅಲ್ಲ ಅಂತ ಮಾವ ಹೇಳಿದ್ದು ಎಲ್ಲ ನನಗೆ ಒಳಗೆ ಕೇಳಿಸಿತು. "ಸರಿ, ಸೋಮವಾರದ ತನಕ ಯಾಕೆ. ಬಸುರಿ ಹೆಂಗಸು. ಹೋಗೇ ಅಕ್ಕಯ್ಯಮ್ಮ, ನೋಡ್ಕೊ" ಅಂದ ಯಜಮಾನ. ಹೆರಿಗೆ ಆಗಿಹೋಗಿದ್ದು ಅವನಿಗಿನ್ನೂ ಗೊತ್ತಿರಲಿಲ್ಲ. ನನಗೆ ಜೀವ ಬಂದಂತಾಯಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ಆ ವೆಂಕಟರಮಣಪ್ಪನಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಅಕ್ಕಯ್ಯಮ್ಮ ಓಡಿ ಬಂದಳು. ಒಳಗೆ ಬಂದು ಮೊರ ನೋಡಿದಳು, ನನ್ನನ್ನು ನೋಡಿದಳು. ತಿರುಗಿ ಹೊರಗೆ ಹೋಗಿ ಏನೋ ಕೇಳಿದಳು. ಪಿಸಪಿಸ ಮಾತು ಬಹಳ ಹೊತ್ತು ನಡೆಯಿತು. ಮತ್ತೆ ಬಂದಳು. ಬೆಚ್ಚನೆ ನೀರಲ್ಲಿ ನನ್ನ ಮೈ ಒರೆಸಿದಳು. ಹೊಟ್ಟೆ ಒತ್ತಿ, ಬಟ್ಟೆ ಬಿಗಿದು ಕಟ್ಟಿದಳು. ಮೆಣಸು ಶುಂಠಿ ಕಷಾಯ ಬಾಯಿಗೆ ಹಿಡಿದಳು. ಎಷ್ಟು ಮೆತ್ತಗೆ ಆ ಕೈ! ನನ್ನ ತಾಯಿ ಇದ್ದಿದ್ದರೂ ಹಾಗೆ ನೋಡಿಕೊಳ್ಳುತ್ತಿರಲಿಲ್ಲ.

ಮೊರದಲ್ಲಿ ಮಗು ಅಳುತ್ತಿತ್ತು.

"ಮಗು ಒರೆಸೇ ಅಕ್ಕಯ್ಯಮ್ಮ. ಚಳಿ ಆಗುತ್ತೆ ಅದಕ್ಕೆ."

"ನೀನು ಮಲಗವ್ವ. ರಕ್ತ ಸರಿಯಾಗೇ ನಿಂತೈತೆ."

"ಮಗು ಕೊಡೇ ಇಲ್ಲಿ."

"ಇನ್ನೊಂದು ಗುಟುಕು ಕುಡಿ."

ಅವಳ ಮಂಡಿಗೆ ಮೊರ ತಾಗುತ್ತಿತ್ತು. ಮಂಡಿ ಎಳೆದುಕೊಂಡಳು. ನನ್ನ ಹಿಂದಿನ ಹುಣಸೆ ಮರ ನೋಡಿದ ಕಣ್ಣುಗಳಿದ್ದವಲ್ಲ ಬಾವಿಕಟ್ಟೆಯಲ್ಲಿ, ಅವೇ ಕಣ್ಣು. ಮಗುವಿನ ಮೇಲೆ ಹಾದು ಗೋಡೆಗೆ ಹೋಗುತ್ತಿದ್ದವು. ಆಗ ನನಗೆ ಹೊರಗಿನ ಪಿಸಪಿಸ ಏನೆಂದು ತಿಳಿಯಿತು.

"ಏನು ಹೇಳಿದ ಅವನು? ಬಾಯಿ ಬಿಡೇ!"

ಅಕ್ಕಯ್ಯಮ್ಮ ತಲೆ ತಗ್ಗಿಸಿದಳು. "ನಿಮ್ಮನೆ ಊರೊಳಕ್ಕೆ ಬಂತು ಕಣವ್ವ. ಆಯಮ್ಮನ ಕೈಗೆ ಬಿದ್ದ ಮಗು ಬರ್ಲಿಲ್ಲ. ನಾನೇನು ಮಾಡ್ಲಿ? ನಿಮ್ಮ ಮಾವ ಒಪ್ಪಿಕೊಂಡವ್ರೆ. ಊರ ಕಣ್ಣಿಗೆ ಬೀಳ್ದಂಗೆ ಒಳಗೇ ಬೆಳೆಸ್ತೀವಿ ಅಂದವ್ರೆ."

ಹೆತ್ತ ಮೈ ಅನ್ನುವುದು ಮರೆತೇ ಹೋಯಿತು. ಕಟ್ಟಿದ ಬಟ್ಟೆ ಬಿಚ್ಚಿ ಅವಳ ಮುಖಕ್ಕೆ ಎಸೆದೆ. ಕಷಾಯದ ಲೋಟ ಗೋಡೆಗೆ ಹೊಡೆದೆ. "ಹೋಗೇ ಆಚೆಗೆ! ಮುಟ್ಟಬೇಡ ನನ್ನ! ಹುಟ್ಟಿ ಇನ್ನೂ ಕಣ್ಣು ಬಿಟ್ಟಿಲ್ಲ, ಅದೇನು ನಿಮ್ಮ ಗಡಿಕಲ್ಲು ತೋರಿಸಿತ್ತಾ? ಯಜಮಾನ್ರೇ, ಕೇಳಿಸ್ಕೊಳ್ಳಿ, ಇದು ಹೊರಗಾದ್ರೆ ನಾನೂ ಹೊರಗೆ!" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಹೊರಗಿಂದ ಉತ್ತರ ಬರಲಿಲ್ಲ. ಬರುವುದಿಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಅಕ್ಕಯ್ಯಮ್ಮ ಎದ್ದು, ಮುಖ ಒರೆಸಿಕೊಂಡು, ಖಾಲಿ ಕೋಣೆಯಿಂದ ಹೋಗುವವಳ ಹಾಗೆ ಹೋದಳು.

ಜಗದಾಂಬಾ ಒಳಗೆ ಬಂದಳು. ಹಣೆಗೆ ಮಣ್ಣು ಮೆತ್ತಿಕೊಂಡಿತ್ತು. ಮೊರದಿಂದ ಮಗು ಎತ್ತಿ, ತನ್ನ ಸೆರಗಿನಿಂದ ಕಿವಿ, ಕತ್ತು, ಬೆರಳ ಸಂದು ಎಲ್ಲ ಒರೆಸಿ ನನ್ನ ಎದೆಗೆ ಕೊಟ್ಟು ಪಕ್ಕದಲ್ಲಿ ಕೂತಳು. ಓದಿದ್ದೆಲ್ಲ ಅವಳಿಗೆ ಆ ಕ್ಷಣದಲ್ಲಿ ಏನಾಗಿತ್ತೋ, ನಾನು ಕೇಳಲಿಲ್ಲ.

ಆಗ ಜಟಕಾ ಬಂತು. ನನ್ನ ಗಂಡ ಇಳಿದು ಓಡಿ ಬಂದ ಸದ್ದು. "ಅಪ್ಪಾ, ಹೇಗಿದಾಳೆ? ಮಗು ಅಳ್ತಾ ಇದೆಯಲ್ಲ!" ಮಾವ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. "ಅವಳು ಬೇರೆ ಬಾಯಿ ಮಾಡ್ಕೊಂಡು ತಾನೂ ಹೊರಗೆ ಅಂದ್ಬಿಟ್ಲು. ಒಳಗೆ ಹೋಗ್ಬೇಡ ಬೈರ, ಹೋದೋರೆಲ್ಲ ಅವಳ ಜೊತೆ ಹೊರಗೇ. ನನ್ನ ಮಾತು ಕೇಳು. ನಾಳೆ ನನಗೆ ನೀನೊಬ್ಬನಾದ್ರೂ ಬೇಕು." ನಾನು ಮಗುವನ್ನು ಅವುಚಿಕೊಂಡು ಬಾಗಿಲನ್ನೇ ನೋಡುತ್ತಿದ್ದೆ. ಬಾಗಿಲಲ್ಲಿ ಬರೀ ಬಿಸಿಲು. ಅಷ್ಟು ಹೆದರಿಕೆ ನನಗೆ ಹೆರುವಾಗಲೂ ಆಗಿರಲಿಲ್ಲ.

ಅವರು ಬಂದರು. ಬಂದು ಬಗ್ಗಿ, ಫ್ಯಾಕ್ಟರಿಯ ಗ್ರೀಸ್ ಬಿಡದ ಆ ಬೆರಳಲ್ಲಿ ಮಗುವಿನ ಕೆನ್ನೆ ಮುಟ್ಟಿದರು.

ಹೊರಗೆ ವೆಂಕಟರಮಣಪ್ಪ ಗಂಟಲು ಸರಿಮಾಡಿಕೊಂಡ. ಮನೆಯೊಂದನ್ನು ಊರು ವಾಪಸು ತೆಗೆದುಕೊಳ್ಳುವಾಗ ಕೊನೆಗೊಂದು ಪ್ರಶ್ನೆ ಕೇಳುವ ಪದ್ಧತಿ. ಎಲ್ಲರ ಮುಂದೆ ಕೇಳಬೇಕು, ಮನೆಯ ಹಿರಿಯ ಬಾಯಿಬಿಟ್ಟು ಹೇಳಬೇಕು, ಹೇಳಿದ್ದು ಹೇಳಿದ ಹಾಗೇ ನಿಲ್ಲುತ್ತದೆ.

"ಮನೇಲಿ ಎಷ್ಟು ಜನ ಹನುಮಂತಯ್ಯ?"

ಒಳಗೆ ನಾವು ನಾಲ್ಕು ಜನ ಇದ್ದೆವು, ಗಂಡ, ನಾನು, ಜಗದಾಂಬಾ, ಮಗು. ಮಗು ಕೂಡ ಅಳು ನಿಲ್ಲಿಸಿತ್ತು. ಮಾವ ತುಂಬಾ ಹೊತ್ತು ತಡೆದರು. ತಡೆದರು ಅನ್ನುವುದನ್ನೂ ನಾನು ಮರೆಯುವುದಿಲ್ಲ.

"ಒಬ್ನೇ ಯಜಮಾನ್ರೇ" ಅಂದರು. "ನಾನೊಬ್ನೇ."